ಡೊಳ್ಳು ಇಳಿಸದೆ ಹೋದ ಗ್ರಹ

ಗೋವಿನಕೋವಿಯ ಉಡಚಮ್ಮನಿಗೆ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಯಾರಾದರೂ 'ಕೂತ್ಕೊಳ್ರಿ' ಅಂದಾಗ ಬರುವ ಕೋಪವೇ ಬೇರೆ. ಹೊನ್ನಾಳಿ ಬಸ್ಸಿನಲ್ಲಿ ಕಾಲೇಜು ಹುಡುಗ ಎದ್ದು ಸೀಟು ಬಿಟ್ಟುಕೊಟ್ಟರೆ, 'ಯಾಕಪ್ಪ, ನಾನೇನು ಬಾಣಂತಿ ಹಂಗೆ ಕಾಣ್ತೀನಾ' ಎಂದು ಕೇಳಿಯೇ ಕೇಳುತ್ತಾಳೆ. ಹುಡುಗ ಪೆಚ್ಚಾಗಿ ಅವಳ ಮುಖ ನೋಡುವಷ್ಟರಲ್ಲಿ ಆ ಸೀಟಿನಲ್ಲಿ ಮೂರನೆಯವರು ಯಾರೋ ಕೂತಾಗಿರುತ್ತದೆ. ಇಳಿಯುವತನಕ ಇಬ್ಬರೂ ನಿಂತೇ ಬರುತ್ತಾರೆ.

ಇಂಥವಳು ಡೊಳ್ಳಿಗೆ ಬಿದ್ದದ್ದೂ ಒಂದು ಮಾತಿನ ಜಿದ್ದಿಗೆ. ಇಪ್ಪತ್ತು ವರ್ಷದ ಕೆಳಗೆ, ಊರ ಕಟ್ಟೆಯ ಮೇಲೆ ಗಂಡಸರ ತಂಡದವರು ಡೊಳ್ಳುಗಳನ್ನು ಬಿಸಿಲಿಗಿಟ್ಟು ಚಹಾ ಕುಡಿಯಲು ಹೋಗಿದ್ದರು. ಕಳೆ ತೆಗೆದು ಹೊಲದಿಂದ ಬರುತ್ತಿದ್ದ ಉಡಚಮ್ಮ ಸುಮ್ಮನೆ ಹೋಗದೆ ಒಂದಕ್ಕೆ ಎರಡೇಟು ಹಾಕಿ ನೋಡಿದಳು. 'ಅದು ಹೆಂಗಸರ ಹೆಗಲಿಗೆ ಭಾರ ಆಗ್ತೈತೆ ಕಣಮ್ಮ' ಎಂದು ಹಿಂದಿನಿಂದ ಯಾರೋ ನಕ್ಕರು. 'ಹೊಳೆಯಿಂದ ಎರಡು ಕೊಡ ನೀರು ಹೊತ್ತು ತರೋ ನಡ ಇದು, ಈ ಒಂದು ಡೊಳ್ಳು ಯಾವ ಲೆಕ್ಕ' ಎಂದವಳು ಅಲ್ಲೇ ಹಗ್ಗ ಹೆಗಲಿಗೇರಿಸಿದಳು. ಮೂರು ತಿಂಗಳಲ್ಲಿ ಊರಿನ ಮಹಿಳಾ ಸಂಘದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಮನೆಯಿಂದ ಎಳೆದು ತಂದು ತಂಡ ಕಟ್ಟಿದಳು. ಗಂಡ ತಿಪ್ಪೇಶಪ್ಪನ ಲಗೇಜ್ ಆಟೋ ತಂಡದ ವಾಹನವಾಯಿತು, ತಿಪ್ಪೇಶಪ್ಪ ಅದರ ಚಾಲಕನಾದ. ಅವನನ್ನು ಯಾರೂ ಕೇಳಲಿಲ್ಲ, ಅವನೂ ಬೇಡವೆನ್ನಲಿಲ್ಲ.

ತಂಡಕ್ಕೆ ಅವಳು ಒಂದೇ ಒಂದು ಕಟ್ಟಳೆ ಹಾಕಿದ್ದಳು. ದುಂಡಾಗಿ ನಿಂತು ಕುಣಿಯುವ ಸುತ್ತನ್ನು ಅವರೆಲ್ಲ 'ರಿಂಗು' ಅನ್ನುತ್ತಾರೆ. ಬಾರಿಸುತ್ತಾ ಯಾರೂ ರಿಂಗು ಬಿಡುವಂತಿಲ್ಲ. ಮಗು ಅತ್ತಿತೋ, ತಲೆ ಸುತ್ತಿತೋ, ಮೊದಲು ಕೈ ನಿಲ್ಲಬೇಕು, ಡೊಳ್ಳು ಇಳಿದು ನೆಲಕ್ಕೆ ಬರಬೇಕು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಹೊರಗೆ ಕಾಲಿಡಬೇಕು. ತಂಡವನ್ನೇ ಬಿಡುವವರು ಇಳಿಸಿದ ಡೊಳ್ಳಿಗೆ ಅರಿಶಿನ ಕುಂಕುಮ ಹಚ್ಚಬೇಕು, ಮತ್ತೆ ಆ ಹಗ್ಗ ಅವರ ಹೆಗಲಿಗೆ ಏರುವಂತಿಲ್ಲ. ಇದಕ್ಕೆ ಕಾರಣವೂ ಇತ್ತು. ಮೊದಲ ವರ್ಷವೇ ಒಬ್ಬಳು ತನ್ನನ್ನು ಹಿಂದೆ ನಿಲ್ಲಿಸಿದರೆಂದು ಮುನಿಸಿಕೊಂಡು, ಕುಣಿತದ ನಡುವೆ ಬಾರಿಸುತ್ತಲೇ ಹೊರಟುಬಿಟ್ಟಿದ್ದಳು. ಅವಳ ಪೆಟ್ಟಿನ ಹಿಂದೆ ಇನ್ನೂ ಮೂವರ ಕಾಲು ತಾನಾಗಿ ಹೋಯಿತು. ತಿಂಗಳೊಳಗೆ ನಲ್ಲೂರಿನ ಕಡೆ ಹೊಸದೊಂದು ತಂಡ ಎದ್ದಿತ್ತು.

ಇಷ್ಟೆಲ್ಲ ಗಟ್ಟಿಯಾಗಿದ್ದ ಉಡಚಮ್ಮನಿಗೆ ಕೈಕೊಟ್ಟದ್ದು ಎಡಗಾಲಿನ ಮಂಡಿ. ಜಗಳೂರಿನ ಒಂದು ಕಾರ್ಯಕ್ರಮದಲ್ಲಿ, ಕುಕ್ಕರಗಾಲಲ್ಲಿ ಕೂತು ಗಿರಕಿ ಹೊಡೆದು ಏಳುವ ಪಟ್ಟಿನಲ್ಲಿ, ಅದು ಏಳುವುದಿಲ್ಲ ಎಂದು ಹಟ ಹಿಡಿಯಿತು. ಹಿಂದಿದ್ದ ಅಜ್ಜಮ್ಮ ಅವಳ ಮೇಲೆ ಬಿದ್ದಳು, ಅಜ್ಜಮ್ಮನ ಮೇಲೆ ಇನ್ನೊಬ್ಬಳು. ಜನ ಇದೂ ಒಂದು ಪಟ್ಟು ಎಂದುಕೊಂಡು ಚಪ್ಪಾಳೆ ತಟ್ಟಿದರು. ಬಿದ್ದದ್ದನ್ನು ಉಡಚಮ್ಮ ಮರೆತಾಳು, ಆ ಚಪ್ಪಾಳೆಯನ್ನು ಮಾತ್ರ ಮರೆತಿಲ್ಲ. ಹೊನ್ನಾಳಿಯ ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, ನೆಟ್ಟಗೆ ನಡೆಯಲು ಅಡ್ಡಿಯಿಲ್ಲ, ಕೂತೇಳುವುದು, ಗಿರಕಿ ಹೊಡೆಯುವುದು ಬೇಡವೇ ಬೇಡ ಎಂದರು. 'ಇನ್ನೇನಿದ್ದರೂ ಕೂತು ಮಾಡೋ ಕೆಲಸ ನೋಡ್ಕೊಳ್ರಿ' ಎಂದೂ ಸೇರಿಸಿದರು. ಆ ಡಾಕ್ಟರಿಗೂ ಅವಳು ನೆಟ್ಟಗೆ ನಮಸ್ಕಾರ ಹೇಳಲಿಲ್ಲ.

ಅಂದಿನಿಂದ ತಂಡದ ಮುಂದಾಳು ಅಂಬಿಕಾ. ಉಡಚಮ್ಮನ ತಂಗಿಯ ಮಗಳು, ಅವಳೇ ಕೈಹಿಡಿದು ಕಲಿಸಿದವಳು. ದೊಡ್ಡವ್ವ ರಿಂಗಿಗೆ ಬಂದರೆ ಮತ್ತೆ ಬೀಳುತ್ತಾಳೆ ಎಂಬ ಹೆದರಿಕೆ ಅಂಬಿಕಾಳಿಗೆ, ಬರಬೇಡ ಎನ್ನಲು ಬಾಯಿಲ್ಲ. ದೊಡ್ಡವ್ವನೋ ಪ್ರತಿ ಅಭ್ಯಾಸಕ್ಕೂ ಎಲ್ಲರಿಗಿಂತ ಮುಂಚೆ ಬಂದು ಡೊಳ್ಳಿನ ಹಗ್ಗ ಬಿಗಿಯುತ್ತಿದ್ದಳು. ಹೇಳುವವರೂ ಇಲ್ಲ, ಕೇಳುವವರೂ ಇಲ್ಲ, ಮನಸ್ಸಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತು.

ಅಂಥ ಹೊತ್ತಿನಲ್ಲಿ ಸಿದ್ದೇಶ ಬಂದ. ಉಡಚಮ್ಮನ ಅಣ್ಣನ ಮಗ, ನ್ಯಾಮತಿಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಮಾತಾಡುವಾಗ ಎರಡೂ ಕೈ ಆಡಿಸುವುದರಿಂದ ಅವನ ಚಹಾ ಯಾವಾಗಲೂ ಆರಿಹೋಗುತ್ತದೆ. ಚನ್ನಗಿರಿಯಲ್ಲಿ ವಿಜ್ಞಾನ ಹಬ್ಬ ನಡೆಯುವುದಿತ್ತು. ಅದರಲ್ಲಿ ಸೌರಮಂಡಲ ಹುಟ್ಟಿದ ಕಥೆಯನ್ನು ಡೊಳ್ಳಿನಲ್ಲಿ ಕುಣಿದು ತೋರಿಸಬೇಕೆಂಬುದು ಅವನ ಹುಚ್ಚು.

"ಗ್ರಹಗಳು ಹುಟ್ಟಿದಾಗ ಈಗಿರೋ ಜಾಗದಾಗ ಇರ್ಲಿಲ್ಲ ಅತ್ತೆ," ಅಂದ. "ದೊಡ್ಡವೆಲ್ಲ ಸೂರ್ಯನ ಸುತ್ತ ಹತ್ರ ಹತ್ರ ಒತ್ತಿಕೊಂಡು ಸುತ್ತುತಿದ್ವು. ಆಮೇಲೆ ಎಳೆದಾಡಿ ನೂಕಾಡಿ ದೂರ ದೂರ ಹೋದ್ವು. ಅದನ್ನ ನಿಮ್ಮ ರಿಂಗಿನಾಗ ತೋರಿಸಬೇಕು."

ಎಲ್ಲರಿಗೂ ಹುರುಪು ಬಂತು. ಮಾಡಿ ಮಾಡಿ ಸವೆದ ಪಟ್ಟುಗಳನ್ನು ಬಿಟ್ಟು ಹೊಸದೇನೋ ಸಿಕ್ಕಿತ್ತು. ಅಂಬಿಕಾ ಗುರು ಗ್ರಹವಾದಳು. ಯುರೇನಸ್ಸು, ನೆಪ್ಚೂನುಗಳಿಗೆ ಎರಡು ಹುಡುಗಿಯರು ನಾ ಮುಂದೆ ತಾ ಮುಂದೆ ಎಂದು ಬಂದರು, ಹೆಸರು ಕೇಳಿದರೆ ಇಂಗ್ಲಿಷ್ ಸಿನಿಮಾದ ಹಾಗಿದೆ ಎಂದು. ಕೆಲಸ ಕೆಟ್ಟದ್ದು ಶನಿಯಲ್ಲಿ. ಒಬ್ಬಳಿಗೆ ಮದುವೆ ಮಾತುಕತೆ ನಡೆಯುತ್ತಿತ್ತು, ಇನ್ನೊಬ್ಬಳ ಅತ್ತೆ ಒಪ್ಪುವುದಿಲ್ಲ, ಮತ್ತೊಬ್ಬಳು ಶನಿವಾರ ಬಿಟ್ಟು ಬೇರೆ ದಿನವಾದರೆ ಮಾಡುತ್ತೇನೆ ಎಂದಳು. ಅದು ಬರೀ ಗಾಳಿಯ ಉಂಡೆ, ಸುತ್ತ ಬಳೆ ಹಾಕಿಕೊಂಡ ಚಂದದ ಗ್ರಹ ಎಂದು ಸಿದ್ದೇಶ ಗಂಟಲು ಹರಿದುಕೊಂಡರೂ ಯಾರ ಹೆಗಲೂ ಮುಂದೆ ಬರಲಿಲ್ಲ.

ಕಡೆಗೆ ಅಜ್ಜಮ್ಮ ಎದ್ದಳು. "ನಂಗೆ ಹೆಂಗೂ ಏಳೂವರೆ ವರ್ಷದ ಶನಿಕಾಟ ನಡೀತೈತೆ. ಹೊರಗಿಂದು ಒಳಗಿಂದು ಎರಡೂ ಒಂದೇ ಕಡೆ ಇರ್ಲಿ ಬಿಡ್ರಿ." ಒಳಗಿನ ಚಿಕ್ಕ ಗ್ರಹಗಳಿಗೆ ಸಿದ್ದೇಶ ತನ್ನ ಶಾಲೆಯ ನಾಲ್ಕು ಹುಡುಗಿಯರನ್ನು ಕರೆತಂದ. ಅವರ ಕೈಗೆ ತಾಳ ಬಂತು.

"ದೊಡ್ಡವ್ವ ಸೂರ್ಯ," ಅಂದಳು ಅಂಬಿಕಾ, ನೆಲ ನೋಡುತ್ತಾ. "ನಡುವೆ ಇರ್ಬೇಕು. ಎಲ್ಲಾ ಅವಳ ಸುತ್ತಾನೇ ತಿರುಗಬೇಕು."

ಉಡಚಮ್ಮ ಉಬ್ಬಿಹೋದಳು. ಅಭ್ಯಾಸ ನಡೆಯುವ ಊರ ಶಾಲೆಯ ಮೈದಾನದ ನಡುವೆ ಪ್ಲಾಸ್ಟಿಕ್ ಕುರ್ಚಿ ಬಂತು, ಅವಳ ಕೈಗೂ ಒಂದು ಜೊತೆ ತಾಳ ಬಂತು. ಎರಡನೇ ದಿನ ಸಂಜೆ, ತಾಳ ಕುಟ್ಟುತ್ತಾ ಕುಟ್ಟುತ್ತಾ, ಅವಳಿಗೆ ಥಟ್ಟನೆ ಹೊಳೆಯಿತು. ಇವರು ತನಗೆ ಮರ್ಯಾದೆಯಿಂದ 'ಕೂತ್ಕೊಳ್ರಿ' ಅಂದಿದ್ದಾರೆ. ಅವಳ ಮುಖ ಬೆಂದ ಬದನೆಕಾಯಿಯಂತಾಯಿತು. ತಾಳದ ಪೆಟ್ಟು ಎಷ್ಟು ಜೋರಾಯಿತೆಂದರೆ ಪಕ್ಕದಲ್ಲಿ ಸುತ್ತುತ್ತಿದ್ದ ಬುಧ ಕಿವಿ ಮುಚ್ಚಿಕೊಂಡಿತು.

ಅವಳು ಆವತ್ತೇ ಎದ್ದು ಹೋಗದಿದ್ದುದಕ್ಕೆ ಒಂದೇ ಕಾರಣ, ಕುಣಿತ ಕೂಡಿಬರುತ್ತಲೇ ಇರಲಿಲ್ಲ. ಅದನ್ನು ನೋಡುವುದರಲ್ಲಿ ಅವಳಿಗೊಂದು ಸಮಾಧಾನವಿತ್ತು. ನಾಲ್ಕು ದೊಡ್ಡ ಡೊಳ್ಳು ಒತ್ತಾಗಿ ಹೊರಟು ನಿಧಾನವಾಗಿ ಅಗಲವಾಗಬೇಕು. ಆದರೆ ಗುರು ಮತ್ತು ಶನಿ ನಿಧಾನವಾಗಿ ಸರಿದಷ್ಟೂ ಒಳಗಿನ ಹುಡುಗಿಯರ ಸುತ್ತು ಕೆಡುತ್ತಿತ್ತು. ಒಂದು ಸಲ ಅಂಬಿಕಾಳ ಡೊಳ್ಳು ತಗುಲಿ ಭೂಮಿ ಅಂಗಾತ ಬಿತ್ತು. ಚಿಕ್ಕವರನ್ನು ಉಳಿಸಲು ಬಿರುಸಾಗಿ ತಿರುಗಿದರೆ ನೆಪ್ಚೂನು ದಿಕ್ಕು ತಪ್ಪಿ ಬೇವಿನ ಮರದ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು, ರಿಂಗಿನಲ್ಲಿ ದೊಡ್ಡವು ಮೂರೇ ಉಳಿಯುತ್ತಿದ್ದವು. ವಾರವೆಲ್ಲ ಇದೇ ಪಾಡು. ವಿಚಿತ್ರವೆಂದರೆ ಕುಣಿತ ಕೆಟ್ಟಷ್ಟೂ ಸಿದ್ದೇಶನ ಕಣ್ಣು ಹೊಳೆಯುತ್ತಿತ್ತು.

ತಿಪ್ಪೇಶಪ್ಪ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ ಸಂಜೆ, ಎಲ್ಲರೂ ನೆಲದ ಮೇಲೆ ಕೂತಾಗ, ಸಿದ್ದೇಶ ಬಾಯಿಬಿಟ್ಟ. "ಕಂಪ್ಯೂಟರಿನಾಗೂ ಹಿಂಗೇ ಆತು. ನಾಲ್ಕು ದೊಡ್ಡ ಗ್ರಹ ಇಟ್ಕೊಂಡು ವಿಜ್ಞಾನಿಗಳು ಈ ಆಟಾನ ಸಾವಿರಾರು ಸಲ ಆಡಿ ನೋಡಿದ್ರು. ಒಂದೋ ಭೂಮಿ ಪಾಡು ಕೆಡ್ತಿತ್ತು, ಇಲ್ಲ ನಾಲ್ಕರಾಗೆ ಒಂದು ಹಾರಿ ಹೋಗಿ ಮೂರು ಉಳೀತಿತ್ತು. ಈಗ ಆಕಾಶದಾಗ ನಾಲ್ಕು ಅದಾವಲ್ಲ, ಹೆಂಗೆ? ಆಗ ಒಬ್ರು ಯೋಚನೆ ಮಾಡಿದ್ರು. ಶುರುವಿನಾಗ ಐದು ಇದ್ದಿದ್ರೆ?"

ಮಂಡಕ್ಕಿಯ ಸದ್ದು ನಿಂತಿತು.

"ಐದನೇದು ಎಲ್ಲಿ ಹೋತು?" ಕುರ್ಚಿಯಿಂದ ಉಡಚಮ್ಮ ಕೇಳಿದಳು.

"ಕಳೆದುಹೋತು."

"ಕುರಿ ಕಳೀತೈತೆ, ಓಲೆ ಕಳೀತೈತೆ," ಅಂದಳು ಅಜ್ಜಮ್ಮ. "ಅಷ್ಟು ದೊಡ್ಡ ಗ್ರಹ ಹೆಂಗೆ ಕಳೀತೈತೆ?"

ಸಿದ್ದೇಶನಿಗೆ ಬೇಕಾದದ್ದೂ ಅದೇ. ಕಳೆದುಹೋದ ಗ್ರಹದ ಕಥೆ ಒಂದಲ್ಲ ಮೂರಿವೆ ಎಂದು ಕೈ ಆಡಿಸತೊಡಗಿದ. ಮಂಗಳಕ್ಕೂ ಗುರುವಿಗೂ ನಡುವೆ ಕಲ್ಲುಬಂಡೆಗಳು ಸುತ್ತುತ್ತವೆ, ಅಲ್ಲಿದ್ದ ಗ್ರಹವೊಂದು ಒಡೆದು ಚೂರಾಯಿತೆಂದು ಬಹುಕಾಲ ನಂಬಿದ್ದರು. ಆ ಚೂರನ್ನೆಲ್ಲ ಒಟ್ಟು ಮಾಡಿದರೂ ಒಂದು ಚಂದ್ರನಷ್ಟೂ ಆಗುವುದಿಲ್ಲ, ಅದು ರೊಟ್ಟಿ ಆಗದೆಯೇ ಉಳಿದ ಹಿಟ್ಟು ಎನ್ನುತ್ತಾರೆ ಈಗ. ಇನ್ನೊಂದಕ್ಕೆ ಥೀಯಾ ಎಂದು ಹೆಸರಿಟ್ಟಿದ್ದಾರೆ. ಅದು ಎಳೆಯ ಭೂಮಿಗೆ ಬಂದು ಗುದ್ದಿ ಭೂಮಿಯೊಳಗೇ ಸೇರಿಹೋಯಿತು, ಸಿಡಿದ ಚೂರು ಕೂಡಿ ಚಂದ್ರನಾಯಿತು ಎಂದು ಊಹೆ. ಮೂರನೆಯದೇ ಈ ಐದನೆಯದು, ಹೆಸರೇ ಇಲ್ಲದ್ದು. ಎಳೆದಾಟದಲ್ಲಿ ಅದು ಗುರುವಿನ ದಾರಿಗೆ ಬಂತು, ಗುರು ಅದನ್ನು ಎತ್ತಿ ಹೊರಗೆಸೆದ.

"ಎಸೆದ ರಭಸಕ್ಕೆ ಗುರುನೂ ಒಳಗಡೆ ಒಂದು ಹೆಜ್ಜೆ ಹಾರಿದ. ನಿಧಾನಕ್ಕೆ ಸರೀಲಿಲ್ಲ, ಹಾರಿದ. ಅದಕ್ಕೇ ಭೂಮಿ ಉಳೀತು. ಐದನೇದು ಹೋಗಿದ್ದಕ್ಕೆ ಉಳಿದೋವು ನೆಟ್ಟಗಾದ್ವು," ಅಂದ ಸಿದ್ದೇಶ. "ಯಾರೂ ಕಣ್ಣಿಂದ ಕಂಡಿಲ್ಲ ಮತ್ತೆ. ಬರೀ ಲೆಕ್ಕ. ನಾಳೆ ಇದಕ್ಕಿಂತ ಒಳ್ಳೇ ಲೆಕ್ಕ ಬಂದ್ರೆ ಇದೂ ಸುಳ್ಳಾಗಬೋದು."

"ಪಾಪ, ಒಂದೇ ಹೋತೇನಪ್ಪ ಅದು?" ಆಟೋಗೆ ಒರಗಿ ನಿಂತಿದ್ದ ತಿಪ್ಪೇಶಪ್ಪ ಕೇಳಿದ. ಅವನು ಇಡೀ ವಾರದಲ್ಲಿ ಆಡಿದ ಮೊದಲ ಮಾತು ಅದು.

"ಅದಕ್ಕೊಂದು ಚಂದ್ರ ಇದ್ದು, ಅದು ತೀರಾ ಹತ್ರ ಸುತ್ತುತಿದ್ರೆ, ಜೊತೆಗೇ ಹೋಗಿರ್ಬೋದು ಮಾಮ."

ತಿಪ್ಪೇಶಪ್ಪ ತಲೆಯಾಡಿಸಿ ಇನ್ನೊಂದು ಮೆಣಸಿನಕಾಯಿ ತೆಗೆದುಕೊಂಡ.

ಐದನೇ ಡೊಳ್ಳು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಚಹಾ ಲೋಟದೊಳಗೆ ನೋಡಿದರು. ಶನಿಗಾದರೂ ಒಬ್ಬಳು ಸಿಕ್ಕಿದ್ದಳು, ಇದಕ್ಕೆ ಯಾರೂ ಸಿಗುವಂತಿರಲಿಲ್ಲ. ರಿಂಗು ಬಿಟ್ಟು ಹೋಗಿ ತಿರುಗಿ ಬಾರದಿರುವುದೆಂದರೆ ತಂಡ ಬಿಟ್ಟವರ ಹಾಗೆ ಡೊಳ್ಳು ಇಳಿಸುವುದು. ಆಟಕ್ಕಾದರೂ ಅಪಶಕುನವನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ?

ಉಡಚಮ್ಮ ಕುರ್ಚಿಯಿಂದ ಎದ್ದಳು. "ನಾನಾಗ್ತೀನಿ."

"ದೊಡ್ಡವ್ವ, ನಿನ್ ಮಂಡಿ…"

"ಹೊರಗೆ ಹೋಗೋಳಿಗೆ ಗಿರಕಿ ಯಾಕೇ ಬೇಕು? ನೆಟ್ಟಗೆ ನಡೆಯಾಕೆ ಡಾಕ್ಟರೂ ಬೇಡ ಅಂದಿಲ್ಲ."

ಮರುದಿನ ಸೂರ್ಯನ ಜಾಗದಲ್ಲಿ, ಅದೇ ಕುರ್ಚಿಯ ಮೇಲೆ, ಸಿದ್ದೇಶ ಒಂದು ದೊಡ್ಡ ಬಲ್ಬು ಕಟ್ಟಿಟ್ಟ. ಅದರಿಂದ ಆಟಕ್ಕೆ ಏನೂ ಕಮ್ಮಿಯಾಗಲಿಲ್ಲ. ಅದನ್ನು ಕಂಡು ಉಡಚಮ್ಮನಿಗೆ ತನ್ನ ಅನುಮಾನ ನಿಜವೆಂದು ಖಾತ್ರಿಯಾಯಿತು. ಆದರೆ ಅವಳು ಆವತ್ತು ಜಗಳಕ್ಕೆ ಬಂದಿರಲಿಲ್ಲ. ಇವರಿಂದ ಹೊರಗೆ ಕೂರಿಸಿಕೊಳ್ಳುವುದಕ್ಕಿಂತ ತಾನಾಗಿ ನಡೆದು ಹೊರಗೆ ಹೋಗುವುದು ಮೇಲು ಎಂದು ತೀರ್ಮಾನಿಸಿಯೇ ಬಂದಿದ್ದಳು. ಸೆರಗಿನ ಗಂಟಿನಲ್ಲಿ ಅರಿಶಿನ ಕುಂಕುಮ ಇತ್ತು. ತಿಪ್ಪೇಶಪ್ಪನಿಗೂ ಹೇಳಿರಲಿಲ್ಲ.

ಐದು ಡೊಳ್ಳು ಒಟ್ಟಿಗೆ ಎದ್ದಾಗ ಮೈದಾನದ ಕಾಗೆಗಳೆಲ್ಲ ಹಾರಿದವು. ತಿಂಗಳುಗಟ್ಟಲೆ ಆದಮೇಲೆ ಹೆಗಲಿಗೆ ಭಾರ ಬಿದ್ದದ್ದೇ ಉಡಚಮ್ಮನ ರಕ್ತವೆಲ್ಲ ಕೈಗೆ ಬಂತು. ಆಟ ಕೂಡಿಬರತೊಡಗಿತು. ಅವಳು ಒಳಗೆ ನುಗ್ಗಿ ಅಂಬಿಕಾಳ ಎದುರು ನಿಂತು ಬಾರಿಸಿದಳು, ಅಂಬಿಕಾ ತಳ್ಳಿದಂತೆ ಮಾಡಿ ಒಳಗೆ ಹಾರಿದಳು, ಚಿಕ್ಕ ಹುಡುಗಿಯರ ಸುತ್ತು ಕೆಡಲಿಲ್ಲ. ಯುರೇನಸ್ಸು, ನೆಪ್ಚೂನು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಸಿದ್ದೇಶ ನಿಂತಲ್ಲೇ ಕುಣಿದ. ಉಡಚಮ್ಮ ಅಂಚಿಗೆ ಬಂದಳು. ಕೈ ನಿಲ್ಲಿಸಿದಳು, ಡೊಳ್ಳು ಇಳಿಸಿದಳು, ಗಂಟು ಬಿಚ್ಚಿ ಅರಿಶಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಳು.

ರಿಂಗು ಹಾಗೇ ನಿಂತುಬಿಟ್ಟಿತು. ಅಜ್ಜಮ್ಮ ಡೊಳ್ಳಿನ ಮೇಲೆ ತಲೆಯಿಟ್ಟು ಅತ್ತಳು. ಅಂಬಿಕಾಳ ಮುಖದಲ್ಲಿ ರಕ್ತವಿರಲಿಲ್ಲ. ಇದೊಂದೂ ಗೊತ್ತಿಲ್ಲದ ಸಿದ್ದೇಶ ಮಾತ್ರ ಓಡುತ್ತಾ ಬಂದ.

"ಯಾಕತ್ತೆ ನಿಲ್ಲಿಸಿದ್ರಿ?"

"ಕಳೆದುಹೋದೆನಲ್ಲೋ."

"ಕಳೆದಿದ್ದು ನಮಗೆ. ಅದೇನು ಸತ್ತಿದೆಯಾ?" ಸಿದ್ದೇಶನಿಗೆ ಎಲ್ಲಿಲ್ಲದ ಆವೇಶ. "ಲೆಕ್ಕದ ಪ್ರಕಾರ ಅದು ಇವತ್ತಿಗೂ ಹೋಗ್ತಾನೇ ಐತೆ. ಸೂರ್ಯನ ಬೆಳಕು ಬೀಳಲ್ಲ, ಅಷ್ಟೇ. ಮೈ ತಿರುಗೋದು ನಿಂತಿಲ್ಲ, ಒಳಗಿನ ಬಿಸಿ ಪೂರ್ತಿ ಆರಿಲ್ಲ. ನೀವು ಇಲ್ಲೇ ಇಳಿಸಿಬಿಟ್ರೆ ಕಥೇನೇ ತಪ್ಪಾಗ್ತೈತೆ."

"ನಿಂತಿಲ್ಲೇನು?"

"ನಿಂತಿಲ್ಲ."

"ಇವತ್ತಿಗೂ?"

"ಇವತ್ತಿಗೂ ಅತ್ತೆ. ನಿಲ್ಲಿಸೋರು ಯಾರವ್ರೆ ಅಲ್ಲಿ?"

ಉಡಚಮ್ಮ ಡೊಳ್ಳಿನ ಮೇಲಿನ ಕುಂಕುಮವನ್ನು ನೋಡಿದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಹಾಳಾದ ಕಣ್ಣೀರೂ ಬಂತು. ಹಗ್ಗಕ್ಕೆ ಕೈ ಹಾಕಿದಳು.

"ದೊಡ್ಡವ್ವ, ಹಚ್ಚಿಯಾಗೈತೆ," ಅಂದಳು ಅಂಬಿಕಾ, ಗಾಬರಿಯಿಂದ. "ಮತ್ತೆ ಏರಿಸಂಗಿಲ್ಲ. ಬಾರಿಸ್ತಾ ರಿಂಗು ಬಿಡಂಗಿಲ್ಲ. ನೀನೇ ಮಾಡಿದ ಕಟ್ಟಳೆ."

"ಯಾಕೆ ಮಾಡಿದ್ದೆ ಗೊತ್ತೈತಾ? ಬಾರಿಸ್ತಾ ಒಬ್ಳು ಹೋದ್ರೆ ಹಿಂದೆ ಮೂವರ ಕಾಲು ಹೋಗ್ತಾವೆ, ತಂಡ ಒಡೀತೈತೆ ಅಂತ." ಉಡಚಮ್ಮ ಡೊಳ್ಳನ್ನು ಹೆಗಲಿಗೆ ಏರಿಸಿಯೇ ಬಿಟ್ಟಳು. "ಈಗ ಕೇಳ್ರೇ ಎಲ್ರೂ. ನಾನು ಬಾರಿಸ್ತಾ ಹೋಗ್ತೀನಿ. ನೀವು ಒಬ್ರೂ ಬರಬಾರ್ದು. ನನ್ನ ಪೆಟ್ಟು ಕಿವೀಗೆ ಬೀಳ್ತಿರ್ಬೇಕು, ಕಾಲು ಮಾತ್ರ ನಿಮ್ಮ ದಾರೀಲೇ ಇರ್ಬೇಕು. ಅಷ್ಟು ಕಲಿತ್ರೆ ಕಟ್ಟಳೆ ಬೇಕಾಗಿಲ್ಲ."

ಹೇಳುವುದು ಸುಲಭವಾಗಿತ್ತು. ಆ ಹೆಂಗಸರ ಕಾಲುಗಳೆಲ್ಲ ಹೆಜ್ಜೆ ಕಲಿತದ್ದೇ ಉಡಚಮ್ಮನ ಪೆಟ್ಟಿಗೆ. ಅವಳು ಬೇವಿನ ಮರ ದಾಟುತ್ತಿದ್ದಂತೆ ಇಡೀ ರಿಂಗು ಗೊತ್ತಿಲ್ಲದೆಯೇ ಅವಳ ಕಡೆ ಜರುಗುತ್ತಿತ್ತು. ಒಂದು ಸಂಜೆ ಶನಿ ಶಾಲೆಯ ಗೇಟಿನವರೆಗೂ ಬಂದು, ತಾನೆಲ್ಲಿದ್ದೇನೆಂದು ನೋಡಿ, ನಾಚಿ ವಾಪಸು ಓಡಿತು. ಇದಕ್ಕಿಂತ ದೊಡ್ಡ ತೊಡಕು ಅಂಬಿಕಾ. ತಳ್ಳುವ ಜಾಗ ಬಂದಾಗ ಅವಳ ಕೈ ಸೋಲುತ್ತಿತ್ತು. ದೊಡ್ಡವ್ವನನ್ನು ರಿಂಗಿನಿಂದ ಹೊರಗೆ ಹಾಕಬೇಕೆಂದು ತಿಂಗಳುಗಟ್ಟಲೆ ಯೋಚಿಸಿದ್ದವಳಿಗೆ ಈಗ ಆಟಕ್ಕೂ ಅದನ್ನು ಮಾಡಲಾಗುತ್ತಿರಲಿಲ್ಲ. ಹಬ್ಬದ ಹಿಂದಿನ ದಿನವೂ ಅದು ಸರಿಹೋಗಲಿಲ್ಲ.

ಚನ್ನಗಿರಿಯ ಮೈದಾನ ಆವತ್ತು ಸಂಜೆ ಕಿಕ್ಕಿರಿದಿತ್ತು. ಸುತ್ತಲ ತಾಲ್ಲೂಕುಗಳ ಶಾಲೆಯ ಮಕ್ಕಳು, ಮೇಷ್ಟ್ರುಗಳು, ಐಸ್‌ಕ್ಯಾಂಡಿ ಗಾಡಿಗಳು. ತಿಪ್ಪೇಶಪ್ಪ ಆಟೋವನ್ನು ಗೇಟಿನ ಹೊರಗೆ ರಸ್ತೆಬದಿಯಲ್ಲಿ ನಿಲ್ಲಿಸಿದ್ದ. ಸಿದ್ದೇಶ ಮೈಕಿನಲ್ಲಿ ನಾಲ್ಕು ಮಾತು ಹೇಳಿ ಕೆಳಗಿಳಿದ. ಕುರ್ಚಿಯ ಮೇಲೆ ಬಲ್ಬು ಹತ್ತಿತು. ಉಡಚಮ್ಮ ಎಡ ಮಂಡಿಗೆ ಬಟ್ಟೆ ಬಿಗಿದು, ಕುಂಕುಮ ಇನ್ನೂ ಅಂಟಿಕೊಂಡಿದ್ದ ಡೊಳ್ಳಿಗೆ ಮೊದಲ ಪೆಟ್ಟು ಹಾಕಿದಳು.

ಐದೂ ಡೊಳ್ಳು ಒಂದಾದಾಗ ಶಾಮಿಯಾನದ ಕಂಬ ಅದುರಿತು. ಮಕ್ಕಳು ಕೂತಲ್ಲಿಂದ ಎದ್ದು ನಿಂತರು. ಗುರು, ಶನಿ, ಯುರೇನಸ್ಸು, ನೆಪ್ಚೂನು, ಅವುಗಳ ಜೊತೆಗೆ ಹೆಸರಿಲ್ಲದ ಒಂದು, ಭುಜಕ್ಕೆ ಭುಜ ತಾಗುವಷ್ಟು ಒತ್ತಾಗಿ ಬಲ್ಬಿನ ಸುತ್ತ ತಿರುಗಿದವು. ಒಳಗೆ ನಾಲ್ಕು ಹುಡುಗಿಯರ ತಾಳ ಗಿಲಿಗಿಲಿ ಅನ್ನುತ್ತಿತ್ತು. ಬೆವರು ಕಣ್ಣಿಗಿಳಿದರೂ ಉಡಚಮ್ಮನಿಗೆ ಒರೆಸಿಕೊಳ್ಳುವ ನೆನಪಾಗಲಿಲ್ಲ. ಈ ರಿಂಗಿನಲ್ಲಿ ತನ್ನದು ಇದೇ ಕೊನೆಯ ಸುತ್ತು ಎಂದು ಅವಳಿಗೆ ಗೊತ್ತಿತ್ತು. ದುಃಖವಾಗಬೇಕಿತ್ತು. ಆದರೆ ಮೊದಲ ಸಲ ಕಟ್ಟೆಯ ಮೇಲಿನ ಡೊಳ್ಳಿಗೆ ಏಟು ಹಾಕಿದ ದಿನದ ಸಂತೋಷವೇ ಎದೆ ತುಂಬಿತ್ತು.

ಶನಿ ಅಡ್ಡ ಬಂದಳು, ಉಡಚಮ್ಮ ಒಳಗೆ ತಿರುಗಿದಳು. ಎದುರಿಗೆ ಅಂಬಿಕಾ. ಎರಡು ಡೊಳ್ಳು ಮುಖಾಮುಖಿ, ಪೆಟ್ಟಿಗೆ ಪೆಟ್ಟು, ಮೂರು ಸುತ್ತು. ಮೂರನೆಯದರ ಕೊನೆಗೆ ತಳ್ಳಬೇಕು. ಅಂಬಿಕಾ ತಳ್ಳಲಿಲ್ಲ. ನಾಲ್ಕನೇ ಸುತ್ತು ಶುರುವಾಯಿತು. ಒಳಗಿನ ಹುಡುಗಿಯರ ಸುತ್ತು ಓಲಾಡತೊಡಗಿತು. ಅಂಬಿಕಾಳ ಕೆನ್ನೆಯ ಮೇಲಿದ್ದದ್ದು ಬೆವರಲ್ಲ ಎಂದು ಉಡಚಮ್ಮನಿಗೆ ಕಂಡಿತು.

"ತಳ್ಳೇ ಮಗಳೇ," ಅಂದಳು, ಕೈ ನಿಲ್ಲಿಸದೆ. "ನೀನು ತಳ್ಳಿದ್ರೇನೇ ನೀನೂ ನಿನ್ನ ಜಾಗಕ್ಕೆ ಹೋಗೋದು. ನನಗೆ ದಾರಿ ಐತೆ, ಹೋಗ್ತೀನಿ."

ಅಂಬಿಕಾ ಹಲ್ಲು ಕಚ್ಚಿ ತನ್ನ ಡೊಳ್ಳನ್ನೇ ಮುಂದೊಡ್ಡಿ ತಳ್ಳಿದಳು. ಆಟಕ್ಕೆ ತಳ್ಳಿದ ಹಾಗಿರಲಿಲ್ಲ. ಉಡಚಮ್ಮ ರಿಂಗು ದಾಟಿ ನಾಲ್ಕು ಹೆಜ್ಜೆ ತೂರಾಡಿ ಹೋದಳು. ಮಂಡಿ ಕಿರ್ರೆಂದಿತು, ಆದರೆ ಬೀಳಲಿಲ್ಲ, ಕೈಯೂ ನಿಲ್ಲಲಿಲ್ಲ. ಅಂಬಿಕಾ ಒಳಗೆ ಹಾರಿ ನೆಲೆಯಾದಳು. ಮಕ್ಕಳು ದಾರಿ ಬಿಟ್ಟರು. ಬೆನ್ನ ಹಿಂದೆ ರಿಂಗು ತನ್ನ ಕಡೆ ಜರುಗುತ್ತಿದೆಯೇ ಎಂದು ತಿರುಗಿ ನೋಡುವ ಆಸೆ ಉಡಚಮ್ಮನನ್ನು ಹಿಂಡಿತು. ನೋಡಲಿಲ್ಲ. ಕಿವಿಗೊಟ್ಟಳು. ನಾಲ್ಕು ಡೊಳ್ಳಿನ ಸದ್ದು ಬಂದಲ್ಲಿಂದಲೇ ಬರುತ್ತಿತ್ತು, ಒಂದು ಗೇಣೂ ಹತ್ತಿರವಾಗಿರಲಿಲ್ಲ. ಕಲಿತವು ಮುಂಡೇವು ಎಂದುಕೊಂಡಳು.

ಸಿದ್ದೇಶನ ಲೆಕ್ಕದಲ್ಲಿ, ಅವಳು ಗೇಟಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ರಿಂಗಿನವರು ಒಮ್ಮೆಲೇ ಬಾರಿಸುವುದು ನಿಲ್ಲಿಸಿ ಸುಮ್ಮನಾಗಬೇಕು, ಆ ಮೌನದಲ್ಲಿ ಹೊರಗಿನ ಒಂಟಿ ಡೊಳ್ಳು ಕೇಳಬೇಕು, ಆಮೇಲೆ ಎಲ್ಲ ಮುಗಿಯಬೇಕು. ಗೇಟು ಬಂತು. ಉಡಚಮ್ಮ ನಿಲ್ಲಲಿಲ್ಲ. ನಿಂತಿಲ್ಲ ಎಂದವನು ಅವನೇ ಅಲ್ಲವೇ? ಅವಳು ರಸ್ತೆಗಿಳಿದು ಎಡಕ್ಕೆ ತಿರುಗಿದಳು. ಒಂದು ಸರ್ಕಾರಿ ಬಸ್ಸು ಹಾರ್ನ್ ಹೊಡೆಯದೆ ಪಕ್ಕಕ್ಕೆ ಸರಿದು ಹೋಯಿತು. ಎಳನೀರಿನವನು ಮಚ್ಚು ಹಿಡಿದವನು ಹಿಡಿದ ಹಾಗೇ ನೋಡಿದ.

ರಸ್ತೆಬದಿಯ ಆಟೋದಲ್ಲಿ ಕಾಲುಚಾಚಿ ಕೂತಿದ್ದ ತಿಪ್ಪೇಶಪ್ಪ, ತನ್ನ ಹೆಂಡತಿ ಡೊಳ್ಳು ಬಾರಿಸುತ್ತಾ ಊರ ಹೊರಗಿನ ದಾರಿ ಹಿಡಿದದ್ದನ್ನು ಕಂಡ. ಚಪ್ಪಲಿ ಮೆಟ್ಟಿಕೊಂಡು ಇಳಿದು, ಆಟೋವನ್ನು ಅಲ್ಲೇ ಬಿಟ್ಟು, ಅವಳ ಪಕ್ಕದಲ್ಲಿ ನಡೆಯತೊಡಗಿದ. ಬೀದಿದೀಪಗಳು ಒಂದೊಂದಾಗಿ ಹಿಂದೆ ಉಳಿದವು.

"ಏನ್ರೀ," ಅಂದಳು ಉಡಚಮ್ಮ, ಕೈ ನಿಲ್ಲಿಸದೆ. ಉಸಿರು ಸಾಲುತ್ತಿರಲಿಲ್ಲ. "ಇನ್ನೂ ಕೇಳ್ತೈತೇನ್ರಿ ಅವ್ರಿಗೆ?"

ತಿಪ್ಪೇಶಪ್ಪ ಹಿಂದಕ್ಕೆ ತಿರುಗಿ ಕಿವಿಗೆ ಕೈಯಿಟ್ಟು ನಿಂತ. ಮೈದಾನದ ಕಡೆಯಿಂದ ಒಂದು ಸದ್ದೂ ಇರಲಿಲ್ಲ. ಡೊಳ್ಳಿಲ್ಲ, ತಾಳವಿಲ್ಲ, ಅಷ್ಟು ಮಕ್ಕಳ ಗಲಾಟೆಯೂ ಇಲ್ಲ. ಅವನು ದೊಡ್ಡ ಹೆಜ್ಜೆ ಹಾಕಿ ಅವಳನ್ನು ಕೂಡಿಕೊಂಡ.

"ಎಲ್ರೂ ಸುಮ್ನೆ ನಿಂತವ್ರೆ. ಕೇಳ್ತಾವ್ರೆ."

"ಹಂಗಾದ್ರೆ ನಡೀರಿ," ಅಂದಳು ಉಡಚಮ್ಮ.